ಪುಟ್ಟಿಯಲ್ಲಿ ಉಳಿದ ಹೆಬ್ಬೆರಳು

ಆ ಊರಿನ ಹಳೇ ಮನೆಗಳ ಕಿಟಕಿಯ ಅಂಚನ್ನು ಸವರಿದರೆ ಸಾಲಾಗಿ ಸಣ್ಣ ಸಣ್ಣ ತಗ್ಗು ಕೈಗೆ ಸಿಗುತ್ತವೆ. ಅವು ಗಾಜಿನವನ ಹೆಬ್ಬೆರಳಿನವು. ಗಾಜು ಅಲುಗದಂತೆ ಸುತ್ತ ಮೆತ್ತುವ ಪುಟ್ಟಿಯನ್ನು ಬೇರೆಯವರೆಲ್ಲ ಚಪ್ಪಟೆ ಚಾಕುವಿನಿಂದ ಎಳೆದು ಕೈ ತೊಳೆದುಕೊಳ್ಳುತ್ತಿದ್ದರು. ಇವನು ಚಾಕು ಮುಟ್ಟುತ್ತಿರಲಿಲ್ಲ. ಹೆಬ್ಬೆರಳಲ್ಲಿ ಒತ್ತಿ ಕೂರಿಸಿದರೇನೇ ಗಾಳಿ ನುಗ್ಗುವುದಿಲ್ಲ ಅಂತ ಅಪ್ಪ ಕಲಿಸಿದ್ದ, ಇವನು ಅದನ್ನೇ ಹಟದಿಂದ ಹಿಡಿದುಕೊಂಡಿದ್ದ. ಒಣಗಿದ ಪುಟ್ಟಿ ಕಲ್ಲಾಗುತ್ತದೆ. ಬೆರಳಿನ ಗೆರೆಯೂ ಅದರಲ್ಲೇ ಉಳಿಯುತ್ತದೆ.

ಇವನ ಅಜ್ಜನ ಕಾಲದಲ್ಲಿ ಗುಡ್ಡದಾಚೆಯಿಂದ ಕೆಲಸ ಹುಡುಕಿಕೊಂಡು ಬಂದ ಜನ ಇವರು. ಮೈಬಣ್ಣ ಕಪ್ಪು, ಕೂದಲು ಗುಂಗುರು. ಅಜ್ಜ ಹೋದ, ಅಪ್ಪ ಹೋದ, ಆದರೂ ಊರಿನ ಬಾಯಲ್ಲಿ ಇವರಿನ್ನೂ 'ಆಚೆಯವರು'. ಗಾಜು ಹಾಕೋಕೆ ಇವನೇ ಬೇಕು. ಆದರೆ ಇವನು ಕಿಟಕಿಯ ಹತ್ತಿರ ಇರುವಷ್ಟು ಹೊತ್ತೂ ಮನೆಯವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹಿಂದೆ ನಿಂತಿರುತ್ತಿದ್ದರು.

"ನನ್ ಕೆಲ್ಸ ನೋಡಿ ಕಲೀತಾ ಇದಾರೆ ಕಣೇ. ನಾಳೆ ಇವರೆಲ್ಲ ಗಾಜಿನಂಗಡಿ ಇಟ್ರೆ ನನ್ ಗತಿ ಏನು?" ಎಂದು ಮನೆಗೆ ಬಂದು ಹೆಂಡತಿಯನ್ನು ನಗಿಸುತ್ತಿದ್ದ. ಅವಳು ಬಟ್ಟೆ ಹೊಲಿಯುವವಳು. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ನಗುತ್ತಿದ್ದಳು.

ಹೀಗಿರುವಾಗ ದೊಡ್ಡ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿ, ಅಡ್ಡ ಬಂದ ಕಾವಲುಗಾರನನ್ನು ಹೊಡೆದು ಕೊಂದರು. ಒಳಗೆ ಬಂದದ್ದು ಕಿಟಕಿಯಿಂದ. ಅದಕ್ಕೆ ಹಿಂದಿನ ತಿಂಗಳಷ್ಟೇ ಗಾಜು ಕೂರಿಸಿದ್ದು ಇವನು ಮತ್ತು ಇವನ ಅಂಗಡಿಯ ಯಜಮಾನ. ಗಾಜು ದೊಡ್ಡದು, ಒಬ್ಬನ ಕೈಗೆ ಬಗ್ಗುವಂಥದಲ್ಲ. ಯಜಮಾನ ಒಂದು ಬದಿ ಹಿಡಿದು, ಆ ಬದಿಯ ಪುಟ್ಟಿಯನ್ನು ಅವತ್ತು ತಾನೂ ಇವನಂತೆ ಹೆಬ್ಬೆರಳಲ್ಲೇ ಒತ್ತಿದ್ದ. ಹೀಗಾಗಿ ಪೊಲೀಸರಿಗೆ ಇಬ್ಬರ ಹೆಬ್ಬೆರಳಿನ ಗುರುತುಗಳೂ ಸಿಕ್ಕವು.

ಯಜಮಾನ ಊರಿನವನೇ, ಬೆಳ್ಳಗಿನವನು. "ನಿಮ್ ಬೆರಳು ಇಲ್ಲಿಗೆ ಹೇಗೆ ಬಂತು?" ಅಂತ ಕೇಳಿದರು. "ಗಾಜು ಹಾಕಿದ್ದು ನಾವೇ ಅಲ್ವಾ ಸಾರ್," ಅಂದ. ಸರಿ, ಹೋಗಿ ಅಂದರು. ಅದೇ ಪ್ರಶ್ನೆಯನ್ನು ಇವನಿಗೂ ಕೇಳಿದರು. ಇವನೂ ಅದೇ ಉತ್ತರ ಕೊಟ್ಟ.

"ನೋಡ್ರೀ, ಉತ್ತರ ರೆಡಿ ಮಾಡ್ಕೊಂಡೇ ಬಂದಿದಾನೆ," ಎಂದ ಇನ್‌ಸ್ಪೆಕ್ಟರ್.

ಕೋರ್ಟಿನಲ್ಲಿ ಯಜಮಾನ ಪಕ್ಕದಲ್ಲಿ ನಿಂತು ಹೇಳಬಹುದಿತ್ತು, ಸ್ವಾಮೀ, ನಾವಿಬ್ಬರೂ ಸೇರಿಯೇ ಮಾಡಿದ ಕೆಲಸ ಇದು ಅಂತ. ಹೇಳಿದ್ದು ಇಷ್ಟೇ: "ಕೆಲಸಗಾರ ಒಳ್ಳೆಯವನು. ಅಂಗಡಿ ಬಿಟ್ಟ ಮೇಲೆ ಎಲ್ಲಿ ಹೋಗ್ತಾನೋ ನನಗೇನು ಗೊತ್ತು?" ಅಷ್ಟು ಸಾಕಾಯಿತು. ಜೀವಾವಧಿ ಶಿಕ್ಷೆ.

ಜೈಲಿನಲ್ಲೂ ಅವನು ಒಡೆದ ಕಿಟಕಿಗಳನ್ನೇ ರಿಪೇರಿ ಮಾಡಿದ. ವರ್ಷಗಳು ಉರುಳಿದ ಮೇಲೆ ಬಿಡುಗಡೆಯ ಸಮಿತಿಯ ಮುಂದೆ ನಿಲ್ಲಿಸತೊಡಗಿದರು. ಮೇಜಿನಾಚೆ ಕೂತವರು ಕೇಳುವುದು ಒಂದೇ: ಮಾಡಿದ ತಪ್ಪಿಗೆ ಪಶ್ಚಾತ್ತಾಪ ಇದೆಯಾ? ಇವನು ಹೇಳುವುದೂ ಒಂದೇ: ಸತ್ತವನಿಗಾಗಿ ಕರುಳು ಚುರುಕ್ ಅನ್ನುತ್ತೆ ಸಾರ್, ಆದರೆ ಕೊಂದವನು ನಾನಲ್ಲ. ಹಾಗಾದರೆ ಇವನು ಇನ್ನೂ ತಿದ್ದಿಕೊಂಡಿಲ್ಲ ಅಂತ ಬರೆದು ಒಳಗೆ ಕಳಿಸುತ್ತಿದ್ದರು.

ಒಂದು ದಿನ ಹೆಂಡತಿ ನೋಡಲು ಬಂದವಳು ಕುರ್ಚಿಯನ್ನು ತಡಕಾಡಿ ಕೂತಳು.

"ರೀ, ಕಣ್ಣು ಹೋಗ್ತಾ ಇದೆ. ಡಾಕ್ಟ್ರು ಕೈಚೆಲ್ಲಿದ್ರು. ಸೂಜಿಗೆ ದಾರ ಪೋಣಿಸೋಕೂ ಮಗಳನ್ನ ಕರೀಬೇಕು ಈಗ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಎದ್ದು ಬಂದ್ಬಿಡ್ತಿದ್ರಾ?" ಎಂದು ನಗಲು ನೋಡಿದಳು, ಆಗಲಿಲ್ಲ. "ಒಪ್ಕೊಂಡ್ಬಿಡಿ. ನಿಮ್ಮನ್ನ ಬಲ್ಲೋರಿಗೆ ನಿಜ ಗೊತ್ತು. ಮಿಕ್ಕೋರು ಏನಾದ್ರೂ ಅಂದ್ಕೊಳ್ಲಿ. ನನಗೆ ಮುಖ ಕಾಣೋವಾಗ್ಲೇ ಬನ್ನಿ."

ಅವನು ಒಪ್ಪಿಕೊಂಡ. ನಾನೇ ಕೊಂದೆ, ತಪ್ಪಾಯಿತು ಎನ್ನುವಾಗ ನಾಲಿಗೆ ಹೊರಳದೆ ಎರಡು ಸಲ ಹೇಳಬೇಕಾಯಿತು. ಸಮಿತಿಯವರಿಗೆ ಅದು ಪಶ್ಚಾತ್ತಾಪದ ತೊದಲಾಗಿ ಕಂಡಿತು. ಮನೆಗೆ ಬಿಟ್ಟರು. ಹೆಂಡತಿ ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು ಮನಸಾರೆ ನೋಡಿದಳು. ಮುಂದಿನ ವರ್ಷ ಅವಳಿಗೆ ಪೂರ್ತಿ ಕತ್ತಲಾಯಿತು.

ಆಮೇಲೆ ಬಂತು ಸುದ್ದಿ. ಬೇರೆ ಊರಿನಲ್ಲಿ ಸಿಕ್ಕಿಬಿದ್ದ ಕಳ್ಳನೊಬ್ಬ ಈ ಹಳೇ ಕೊಲೆಯನ್ನೂ ಬಾಯಿಬಿಟ್ಟಿದ್ದ. ಮಗಳ ವಯಸ್ಸಿನ ಲಾಯರಮ್ಮ ಒಬ್ಬಳು ಓಡೋಡಿ ಬಂದು, ಕಳಂಕ ತೊಳೆಯೋಣ ಬನ್ನಿ ಅಂತ ಕೇಸನ್ನು ಮತ್ತೆ ತೆರೆಸಿದಳು. ತೀರ್ಪಿನ ದಿನ ಬಸ್ಸಿನಲ್ಲಿ ಹೆಂಡತಿ ಅವನ ಕೈ ಬಿಡಲಿಲ್ಲ.

"ಇವತ್ತು ಆಗಲ್ಲ ಅಂದ್ರೆ ಆ ಪಾಪ ನಂದೇ ರೀ. ಒಪ್ಕೊಳ್ಳಿ ಅಂದೋಳು ನಾನು."

"ಸುಮ್ನಿರು ಮಾರಾಯ್ತಿ."

ಕೋರ್ಟಿನ ಕೋಣೆ ಕಿಕ್ಕಿರಿದಿತ್ತು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವನು ಒಳಗೆ ಹೋದ. ಕಳ್ಳನ ಮಾತಿಗೆ ಬೇರೆ ಆಧಾರವಿಲ್ಲ ಅಂದರು ನ್ಯಾಯಾಧೀಶರು. "ಮೇಲಾಗಿ ನೀನೇ ಒಪ್ಪಿಕೊಂಡಿದ್ದೀಯಲ್ಲ. ಮಾಡದಿದ್ದರೆ ಯಾಕೆ ಒಪ್ಪಿಕೊಂಡೆ?"

"ಸ್ವಾಮಿ, ಅಷ್ಟು ವರ್ಷ ನಿಜ ಹೇಳ್ದೆ, ಒಬ್ರೂ ನಂಬ್ಲಿಲ್ಲ. ಒಂದೇ ಒಂದು ಸುಳ್ಳು ಹೇಳ್ದೆ, ಎಲ್ರೂ ತಕ್ಷಣ ನಂಬಿದ್ರಿ."

ನ್ಯಾಯಾಧೀಶರು ಆ ಮಾತನ್ನೂ ಬರೆಸಿಕೊಂಡರು. ಆಮೇಲೆ ಹಳೇ ತೀರ್ಪನ್ನೇ ಎತ್ತಿಹಿಡಿದರು.

ಅವನು ಹೊರಗೆ ಬಂದ. ಹೆಂಡತಿ ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದು ಎದ್ದು ನಿಂತಳು. "ಏನಂದ್ರು?"

ಅವಳ ಕೈ ಗಾಳಿಯಲ್ಲಿ ಅವನ ತೋಳನ್ನು ಹುಡುಕುತ್ತಿತ್ತು. ಅವನು ಹಿಂದೆಯೇ ಬಂದ ಲಾಯರಮ್ಮನ ಕಡೆ ನೋಡಿದ. ಆಕೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ನಂದೇನೂ ತಪ್ಪಿಲ್ಲ ಅಂದ್ರು ಕಣೇ. ಎಲ್ಲಾ ತೊಳೆದುಹೋಯ್ತು."

ಅವಳು ಅಲ್ಲೇ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನವಾದ ಮೇಲೆ ಸೆರಗು ಸರಿಮಾಡಿಕೊಂಡು, "ಬಸ್ಸು ಬೇಡ. ದೊಡ್ಡ ಬೀದೀಲಿ ನಡ್ಕೊಂಡ್ ಹೋಗೋಣ. ಎಲ್ರೂ ನೋಡ್ಲಿ," ಅಂದಳು.

ಅವನು ಅವಳ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡು ಹೊರಟ. ಅವಳ ತಲೆ ಎತ್ತಿಯೇ ಇತ್ತು. ಅಂಗಡಿಗಳ ಬಾಗಿಲಲ್ಲಿ ಮಾತು ನಿಲ್ಲುತ್ತಿತ್ತು, ಒಬ್ಬಾಕೆ ಮಗುವನ್ನು ಒಳಕ್ಕೆಳೆದುಕೊಂಡಳು.

"ನೋಡ್ತಾ ಇದಾರಾ?"

"ಎಲ್ರೂ ನೋಡ್ತಾ ಇದಾರೆ."

"ಹಾಗಿದ್ರೆ ನಿಧಾನಕ್ಕೆ ನಡೀರಿ," ಅಂದಳು ಅವಳು.