ಬಿಜಲಿಯ ಉಣ್ಣೆ ಬಾಲ

ರೇವವ್ವ ಆ ಕುದುರೆಯನ್ನು ಮೊದಲು ನೋಡಿದ್ದು ಹಿಂದಿನಿಂದ.

ಎಪ್ಪತ್ತನಾಲ್ಕನೆಯ ಇಸವಿಯ ಶ್ರಾವಣ. ಬೆಳಿಗ್ಗೆ ಜಿಟಿಜಿಟಿ ಮಳೆ ಬಂದು ಆಗತಾನೆ ನಿಂತಿತ್ತು. ಇಂಡಿ ಊರಿನ ಟಾಂಗಾ ಸ್ಟ್ಯಾಂಡಿನ ಎರೆಮಣ್ಣು ಚಪ್ಪಲಿಗೆ ಅಂಟಿಕೊಂಡು ಕಾಲು ಎತ್ತಲು ಬಿಡುತ್ತಿರಲಿಲ್ಲ. ಪೇಟೆಯಲ್ಲಿ ಯಾರೂ ಕೊಳ್ಳದ ಎರಡು ಕರಿಕಂಬಳಿಗಳನ್ನು ತಲೆಯ ಮೇಲೆ ಹೊತ್ತು ಅವಳು ಮನೆಗೆ ಹೊರಟಿದ್ದಳು. ಬೇವಿನ ಮರಕ್ಕೆ ಮುಖ ಮಾಡಿ ಕಟ್ಟಿದ್ದ ಒಂದು ಬಿಳಿ ಹೆಣ್ಣು ಕುದುರೆ ಬಾಲ ಬೀಸಿತು. ಬೀಸಿದ ಬಾಲ ತೊಡೆಗೆ ಬಡಿದು ದಪ್ಪೆಂದು ಸದ್ದಾಯಿತು. ಆ ಸದ್ದಿಗೆ ರೇವವ್ವ ನಿಂತಳು.

ಅದು ಬಾಲದಂತೆ ಕಾಣುತ್ತಿರಲಿಲ್ಲ. ಕೆಸರು, ಲದ್ದಿ, ಅಂಟುಮುಳ್ಳು ಎಲ್ಲ ಸೇರಿ ಒಣಗಿ ಒಂದೇ ಗಂಟಾಗಿ ಒನಕೆಯ ಹಾಗೆ ಜೋತುಬಿದ್ದಿತ್ತು. ಪ್ರತಿ ಸಲ ಬೀಸಿದಾಗಲೂ ಅದೇ ಜಾಗಕ್ಕೆ ಬಡಿದು ಬಡಿದು ತೊಡೆಯ ಮೇಲೆ ಅಂಗೈಯಗಲ ಚರ್ಮ ಕೆಂಪಾಗಿತ್ತು. ನೊಣಗಳು ಮಾತ್ರ ಕೂತಲ್ಲಿಯೇ ಇದ್ದವು.

ಪಕ್ಕದಲ್ಲಿ ಬಿಚ್ಚಿಟ್ಟ ಟಾಂಗಾದ ಪಾವಟಿಗೆಯ ಮೇಲೆ ಒಬ್ಬ ಮುದುಕ ಒಂದು ಕಾಲು ಮುಂದೆ ಚಾಚಿ ಬೀಡಿ ಸೇದುತ್ತ ಕೂತಿದ್ದ. ಅವನೇ ಟಾಂಗಾದ ಇಬ್ರಾಹಿಂಸಾಬ.

"ಏನ್ರಿ ಸಾಬರ, ಇದು ಬಾಲೋ, ಒನಕಿಯೋ?" ಎಂದಳು ರೇವವ್ವ.

"ನಿನಗ್ಯಾಕ ಬೇಕ ಯವ್ವಾ ಅದು? ಕಂಬಳಿ ಮಾರಾಕ ಬಂದಾಕಿ ಕಂಬಳಿ ಮಾರು."

"ಕಂಬಳಿ ಯಾರೂ ತಗೊಳ್ಳಿಲ್ರಿ. ಅದಕ ಇದನ್ನರ ನೋಡಾಕತ್ತೇನಿ."

ಇಬ್ರಾಹಿಂಸಾಬನಿಗೆ ನಗು ಬಂತು. ಜೊತೆಗೆ ಕೆಮ್ಮೂ ಬಂತು. "ಮೊಣಕಾಲ ಹ್ವಾದವು ತಂಗಿ. ಬಗ್ಗಿದರ ಏಳಾಕ ಆಗೂದಿಲ್ಲ. ಬೆನ್ನ ತಿಕ್ಕತೇನಿ, ಕುತಗಿ ತಿಕ್ಕತೇನಿ. ಹಿಂದ ಹೋಗಿ ಕುಂತು ಅದರ ಬಾಲ ಯಾಂವ ಬಿಡಸ್ತಾನ?"

ರೇವವ್ವ ಕಂಬಳಿಗಳನ್ನು ಟಾಂಗಾದಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಕುದುರೆಯ ಹಿಂದಕ್ಕೆ ನಡೆದಳು.

"ಏ, ಏ! ಹಿಂದ ನಿಂದ್ರಬ್ಯಾಡ! ಅದು ಕುರಿ ಅಲ್ಲ. ಒದ್ದರ ಬಾಯಾಗ ಒಂದ ಹಲ್ಲೂ ಉಳಿಯೂದಿಲ್ಲ! ಬಾಜೂಕ ನಿಂದ್ರು. ಬೆನ್ನ ಮ್ಯಾಲ ಕೈ ಇಡು. ನೀ ಎಲ್ಲಿದ್ದಿ ಅಂತ ಅದಕ ತಿಳೀಲಿ."

ಅವಳು ಹಾಗೇ ಮಾಡಿದಳು. ಬೆನ್ನಿನ ಮೇಲಿಟ್ಟ ಕೈಯನ್ನು ಎತ್ತದೆ ಬಾಲದವರೆಗೆ ಜಾರಿಸಿ, ಕೂದಲ ಎಳೆಯೊಂದನ್ನು ಎಡಗೈಯಲ್ಲಿ ಮೇಲೆ ಬಿಗಿಹಿಡಿದು, ಬಲಗೈಯಿಂದ ತುದಿಯ ಮುಳ್ಳನ್ನು ಬಿಡಿಸಿದಳು. ಉಣ್ಣೆಯಿಂದ ಮುಳ್ಳು ಬಿಡಿಸುತ್ತಲೇ ಬೆಳೆದ ಕೈ ಅದು. ಮೇಲೆ ಹಿಡಿದದ್ದರಿಂದ ಕುದುರೆಗೆ ಎಳೆತ ತಾಗಲಿಲ್ಲ. ಒಂದು ಮುಳ್ಳು, ಇನ್ನೊಂದು ಮುಳ್ಳು. ಸ್ಟೇಷನ್ನಿಗೆ ಹೋಗುವ ಮಂದಿ ಬಂದು ಟಾಂಗಾ ಹತ್ತುವ ಹೊತ್ತಿಗೆ ಒಂದು ಗೇಣು ಕೂದಲು ಬಿಡಿಬಿಡಿಯಾಗಿತ್ತು. ಕುದುರೆ ತಲೆ ಇಳಿಬಿಟ್ಟು, ಕೆಳದುಟಿ ಸಡಿಲಿಸಿ, ಅರೆಗಣ್ಣು ಮುಚ್ಚಿ ನಿಂತಿತ್ತು.

"ಹೆಸರೇನ್ರಿ ಇದರದು?"

"ಬಿಜಲಿ."

ಬಿಜಲಿ ಎಂದರೆ ಮಿಂಚು. ತೂಕಡಿಸುತ್ತಿದ್ದ ಕುದುರೆಯನ್ನು ರೇವವ್ವ ಒಮ್ಮೆ ನೋಡಿದಳು. "ಹೆಸರ ಇಟ್ಟಾವ್ರು ಯಾರ್ರಿ?"

"ನಾನ. ಆವಾಗ ನಾವಿಬ್ಬರೂ ಹುಡುಗರಿದ್ವಿ" ಎಂದ ಇಬ್ರಾಹಿಂಸಾಬ. ಲಗಾಮು ಹಿಡಿಯುವ ಮೊದಲು, "ನಾಳೆ ಬಾ" ಎಂದ.

ರೇವವ್ವ ಸಿಂದಗಿ ತಾಲ್ಲೂಕಿನ ಯಂಕಂಚಿಯ ಸೊಸೆ. ಕುರಿಯ ಮನೆಯಲ್ಲಿ ಹುಟ್ಟಿ ಕುರಿಯ ಮನೆಗೇ ಸೇರಿದವಳು. ಹಿಂದಿನ ವರ್ಷ ಕುರಿಗಳಿಗೆ ಸಿಡುಬು ಬಂದು ಹಟ್ಟಿ ಖಾಲಿಯಾಯಿತು. ಗಂಡ ಚಂದಪ್ಪ ಅವಳನ್ನು ಕರೆದುಕೊಂಡು ಇಂಡಿಗೆ ಬಂದು ಪೇಟೆಯಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ. ಅವಳು ಹಳೆಯ ಉಣ್ಣೆ ನೂತು, ನೇಯಿಸಿ, ಕಂಬಳಿ ಮಾರುತ್ತಿದ್ದಳು. ಉಣ್ಣೆಯೂ ಮುಗಿಯುತ್ತ ಬಂದಿತ್ತು. ಮೈ ಇರುವ, ಉಸಿರಾಡುವ ಒಂದು ಪ್ರಾಣಿ ಕೈಗೆ ತಾಕದೆ ವರ್ಷವಾಗಿತ್ತು. ಅದು ಎಷ್ಟು ಬೇಕಾಗಿತ್ತು ಎಂಬುದು ಆ ದಿನ ಬಿಜಲಿಯ ಬಾಲ ಹಿಡಿದಾಗಲೇ ಅವಳಿಗೆ ಗೊತ್ತಾದದ್ದು.

ಮರುದಿನದಿಂದ ಅವಳು ದಿನಾ ಬೆಳಿಗ್ಗೆ ಇಬ್ರಾಹಿಂಸಾಬನ ಮನೆಗೆ ಹೋಗತೊಡಗಿದಳು. ಅವನ ಹೆಂಡತಿ ಅಬಿದಾ ಬಟ್ಟಲಲ್ಲಿ ಕುಸುಬೆ ಎಣ್ಣೆ ಕೊಡುತ್ತಿದ್ದಳು. ಗಂಟಿಗೆ ಎಣ್ಣೆ ಹಚ್ಚಿ ಬಿಟ್ಟರೆ ಮುಳ್ಳು ತಾನೇ ಜಾರುತ್ತಿತ್ತು. ಆಮೇಲೆ ಅಂಟುವಾಳದ ನೊರೆಯಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ತುದಿಯಿಂದ ಮೇಲಕ್ಕೆ ಬಾಚುವುದು. "ನನ್ನ ತಲಿಗೆ ಇಷ್ಟ ಎಣ್ಣಿ ಕಂಡಿಲ್ಲ ನಾನು" ಎಂದು ಅಬಿದಾ ದಿನಾ ಗೊಣಗುವಳು. ದಿನಾ ಬಟ್ಟಲು ತುಂಬಿಸಿ ಕೊಡುವಳು. ದಸರೆಯ ಹೊತ್ತಿಗೆ ಬಿಜಲಿಯ ಬಾಲ ಗೊರಸಿನ ಹತ್ತಿರದವರೆಗೂ ಬಿಳಿ ನೀರಿನಂತೆ ಇಳಿದಿತ್ತು. ಊರಿನ ಮದುವೆಗಳಿಗೆ ಮದುಮಗನನ್ನು ಕೂರಿಸಲು ಬಿಜಲಿಯೇ ಬೇಕು ಎನ್ನತೊಡಗಿದರು. ಚಂದಪ್ಪ ಮಾತ್ರ, "ಕುರಿ ಹ್ವಾದವು ಅಂತ ಕುದುರಿ ಬಾಲ ಹಿಡದಿ. ನಾಳೆ ಒಂಟಿ ಬಂದರ ಏನ ಹಿಡೀತಿ?" ಎಂದು ನಗುತ್ತಿದ್ದ.

ತಪ್ಪು ನಡೆದದ್ದು ಮರುವರ್ಷದ ಕಾರ್ತಿಕದಲ್ಲಿ.

ಅಡತಿ ಅಂಗಡಿಯ ಶ್ರೀಶೈಲಪ್ಪನ ಮಗಳ ಮದುವೆ ಗೊತ್ತಾಗಿತ್ತು. ಬೀಗರು ಬಾಗೇವಾಡಿ ತಾಲ್ಲೂಕಿನ ಮಸೂತಿಯ ದೊಡ್ಡ ಒಕ್ಕಲಿನವರು. ಮದುಮಗ ಬಿಜಲಿಯ ಮೇಲೆ ಬರಬೇಕೆಂದು ಮಾತಾಗಿತ್ತು. ಮದುವೆಯ ವಾರದಲ್ಲೇ ಇಬ್ರಾಹಿಂಸಾಬ ಮುದ್ದೇಬಿಹಾಳದಲ್ಲಿದ್ದ ಮಗಳ ಹೆರಿಗೆಯ ಸುದ್ದಿ ಕೇಳಿ ಹೆಂಡತಿಯೊಂದಿಗೆ ಹೊರಟ. "ಕುದುರಿ ನಿನ್ನ ಕೈಯಾಗ ಐತಿ ಬೇಟಿ. ಮದವಿ ಮುಂಜಾನಿ ಬರ್ತೇನಿ" ಎಂದ.

ಎರಡು ದಿನ ಕಟ್ಟಿಹಾಕಿದಲ್ಲೇ ನಿಂತ ಬಿಜಲಿಯನ್ನು ನೋಡಲಾರದೆ ರೇವವ್ವ ಅದನ್ನು ಹಳ್ಳದ ದಂಡೆಗೆ ಹೊಡೆದುಕೊಂಡು ಹೋಗಿ, ಕುರಿ ಮೇಯಲು ಬಿಟ್ಟ ಹಾಗೆ ಬಿಟ್ಟಳು. ದಂಡೆಯ ತುಂಬ ಅಂಟುಮುಳ್ಳು ಒಣಗಿ ಕಾಯುತ್ತಿತ್ತು. ಹಿಡಿದು ತರುವಷ್ಟರಲ್ಲಿ ಬಾಲ ಮತ್ತೆ ಒನಕೆಯಾಗಿತ್ತು; ಈ ಸಲ ಮೊದಲಿಗಿಂತ ಗಟ್ಟಿ. ಎಣ್ಣೆ ಹಚ್ಚಿದಳು, ಬಿಡಿಸಿದಳು. ಸಂಜೆಯವರೆಗೆ ಕೂತರೂ ಅರ್ಧ ಗೇಣು ಬಿಡಲಿಲ್ಲ. ಬೆಳಗಾದರೆ ಮದುವೆ.

ಆಗ ಅವಳು ಕುರಿಯ ಮನೆಯವರು ಮಾಡುವುದನ್ನೇ ಮಾಡಿದಳು. ಉಣ್ಣೆ ಗಂಟುಗಟ್ಟಿದರೆ ಕತ್ತರಿಸುತ್ತಾರೆ. ಕತ್ತರಿಸಿದರೆ ಮೈ ಹಗುರ, ಆರು ತಿಂಗಳಿಗೆ ಮತ್ತೆ ಉಣ್ಣೆ ತುಂಬುತ್ತದೆ. ಪೆಟ್ಟಿಗೆಯಿಂದ ಉಣ್ಣೆ ಕತ್ತರಿ ತೆಗೆದು, ಬಾಲದ ಎಲುಬು ಮುಗಿಯುವಲ್ಲಿಗೆ ಕೂದಲನ್ನು ಒಂದೇ ಸಮ ಕತ್ತರಿಸಿದಳು. ಉಳಿದದ್ದನ್ನು ತೊಳೆದು ಬಾಚಿದಳು. ಸ್ವಚ್ಛವಾಗಿತ್ತು. ನೆಮ್ಮದಿಯಾಗಿ ಮನೆಗೆ ಹೋಗಿ ಉಂಡು ಮಲಗಿದಳು.

ಬೆಳಿಗ್ಗೆ ಬಂದ ಇಬ್ರಾಹಿಂಸಾಬ ಅಂಗಳದಲ್ಲಿ ನಿಂತು ಮೊಂಡು ಬಾಲವನ್ನು ಕೈಯಲ್ಲಿ ಎತ್ತಿ ನೋಡಿದ. ಅಬಿದಾ ಕೇಳಿದಳು: "ಯಾರ ಮಾಡಿದ್ರ ಇದನ್ನ?"

"ನಾನರಿ ಚಾಚಿ. ಭಾಳ ಸಿಕ್ಕಾಗಿತ್ತು. ಯುಗಾದಿ ಮುಂದ ಮತ್ತ ಬರ್ತೈತಿ."

"ಯುಗಾದಿ?" ಇಬ್ರಾಹಿಂಸಾಬ ಮೆಲ್ಲಗೆ ಕೂತ. "ಯಾವ ಯುಗಾದಿ ತಂಗಿ? ಕುದುರಿ ಬಾಲ ಉಣ್ಣಿ ಅಲ್ಲ. ವರ್ಷಕ್ಕ ಒಂದೂವರಿ ಗೇಣ ಬೆಳದರ ಹೆಚ್ಚಾತು."

ಮಸೂತಿಯ ಬೀಗರು ಬೋಳು ಬಾಲದ ಕುದುರೆಯನ್ನು ನೋಡಿ ಅಪಶಕುನ ಎಂದರು. ಮದುಮಗ ಜೀಪಿನಲ್ಲಿ ಬಂದ.

ಅಷ್ಟಕ್ಕೇ ಮುಗಿದಿದ್ದರೆ ಇಬ್ರಾಹಿಂಸಾಬ ಮರೆಯುತ್ತಿದ್ದ. ಸಂಕ್ರಮಣ ಕಳೆದು ಬಿಸಿಲು ಏರಿದಂತೆ ನೊಣ ಎದ್ದವು. ಬಿಜಲಿ ಬೀಸುತ್ತಿತ್ತು, ಬೀಸಲು ಏನೂ ಇರಲಿಲ್ಲ. ತೊಡೆಯ ಮೇಲೆ, ಹೊಟ್ಟೆಯ ಕೆಳಗೆ ನೊಣ ಕಡಿದು ಗಾಯವಾದವು. ತೂಕಡಿಸುತ್ತಿದ್ದ ಕುದುರೆ ಟಾಂಗಾಕ್ಕೆ ಕಟ್ಟಿದಾಗಲೂ ಕಾಲು ಝಾಡಿಸತೊಡಗಿತು. ಒಂದು ದಿನ ಸ್ಟೇಷನ್ ದಾರಿಯಲ್ಲಿ ಒದ್ದ ಏಟಿಗೆ ಮುಂದಿನ ಹಲಗೆ ಮುರಿಯಿತು. ಹೆಂಗಸೊಬ್ಬಳು ಕೂಸಿನೊಂದಿಗೆ ಕೆಳಗೆ ಬಿದ್ದಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಅವತ್ತಿನಿಂದ ಮಂದಿ ಬೇರೆ ಟಾಂಗಾ ಹತ್ತಿದರು.

ಕೊಲ್ಹಾರದ ಕಡೆಯ ಇಟ್ಟಿಗೆ ಸುಡುವ ಭಟ್ಟಿಗಳಿಗೆ ಕುದುರೆ ಕೊಡಿಸುವ ದಲಾಲ ಮೀರಾಸಾಬ ಒಂದು ದಿನ ಬಂದು ಬಿಜಲಿಯ ಬಾಯಿ ತೆರೆದು ಹಲ್ಲು ನೋಡಿದ. ಭಟ್ಟಿಗೆ ಹೋದ ಮುದಿ ಕುದುರೆ ಎಷ್ಟು ದಿನ ಬದುಕುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ರೇವವ್ವ ಬಿಜಲಿಗೂ ಅವನಿಗೂ ನಡುವೆ ಬಂದು ನಿಂತಳು.

"ಕಾಕಾ, ಇದನ್ನ ಕೊಡಬ್ಯಾಡ್ರಿ."

"ಏನ ಮಾಡ್ಲಿ ತಂಗಿ? ಮಂದೀನ ಕೆಡವೋ ಕುದುರಿ ಹೆಂಗ ಹೂಡ್ಲಿ?"

"ಕೆಡವಿದ್ದು ಅದಲ್ರಿ, ನಾ. ನಾಗರಪಂಚಮಿ ತನಕ ಬಿಡ್ರಿ. ಅಲ್ಲಿ ಮಟ ಬಾಲದ ಕೆಲಸ ನಂದು."

ಮೀರಾಸಾಬ ಹಲ್ಲು ಕಿರಿದ. "ನೀ ಹೆಂಗ ಬಾಲ ಆಗ್ತಿ ಯವ್ವಾ? ಹಿಂದ ಜೋತಬೀಳ್ತಿಯೇನು?"

"ಬೀಳಬೇಕಾದರ ಬೀಳ್ತೇನಿ. ಪಂಚಮಿಗೆ ಬಂದ ನೋಡ್ರಿ."

ಮೊದಲು ಅವಳು ನಿಜವಾಗಿಯೇ ಹಿಂದೆ ಹೋದಳು. ಬೇವಿನ ಟೊಂಗೆ ಹಿಡಿದು, ಸ್ಟ್ಯಾಂಡಿನಲ್ಲಿ ಬಿಜಲಿಯ ಪಕ್ಕ ನಿಂತು ನೊಣ ಓಡಿಸಿದಳು. ಸ್ಟೇಷನ್ನಿಗೆ ಟಾಂಗಾದ ಜೊತೆ ನಡೆದಳು. ದಾರಿಯಲ್ಲಿ ಗಾಡಿಯವರು, "ಏನ ಯವ್ವಾ, ದೇವರಿಗೆ ಚಾಮರ ಬೀಸಾಕತ್ತಿಯೇನು?" ಎಂದು ಕೂಗುತ್ತಿದ್ದರು. ರಟ್ಟೆ ಸೋತು ಸಂಜೆ ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ. ಹೀಗೆ ಎಷ್ಟು ದಿನ ನಡೆದೀತು? ಬಿಜಲಿಗೆ ತನ್ನದೇ ಬಾಲ ಬೇಕು.

ಅವಳು ಬಸ್ಸು ಹತ್ತಿ ಯಂಕಂಚಿಗೆ ಹೋದಳು. ಅತ್ತೆ ಶೇವಂತೆವ್ವ ಹೊಸ್ತಿಲಲ್ಲೇ ಕೇಳಿದಳು: "ಇದ್ದಕ್ಕಿದ್ದಂಗ ಬಂದಿಯಲ್ಲ, ಏನ ಬೇಕಾಗಿತ್ತ?"

"ಉಣ್ಣಿ ಬೇಕ್ರಿ ಅತ್ತಿ. ಉದ್ದಂದು. ಆಡಿನ ಕೂದಲಾನೂ ಬೇಕು."

"ಕಂಬಳಿಗೇನ?"

"ಕುದುರಿ ಬಾಲಕ್ಕ."

ಶೇವಂತೆವ್ವ ಸೊಸೆಯ ಮುಖವನ್ನೇ ನೋಡಿದಳು. "ಸೊಸಿ ಮನಿಗೆ ಬಂದ್ಳು ಅಂತ ಹಿಗ್ಗಿದ್ದೆ. ಕೂದಲಾ ಬೇಡಾಕ ಬಂದಾಳ!" ಎಂದು ನೆರೆಮನೆಯವರಿಗೆಲ್ಲ ಕೇಳುವಂತೆ ಹೇಳಿದಳು. ಆದರೆ ಸಂಜೆ ತಾನೇ ನಾಲ್ಕು ಮನೆ ತಿರುಗಿ ಒಂದು ಗಂಟು ತಂದು ಮುಂದಿಟ್ಟಳು. "ಬರೇ ಉಣ್ಣಿ ಹಾಕಬ್ಯಾಡ. ತೊಯ್ದರ ಜಡ ಆಗ್ತೈತಿ. ಆಡಿನ ಕೂದಲಾ ಹೆಚ್ಚಿಗಿ ಹಾಕು, ನೀರ ಹಿಡಿಯೂದಿಲ್ಲ."

ರೇವವ್ವ ಕದರು ತಿರುಗಿಸಿ ಸಣ್ಣ ಸಣ್ಣ ಹುರಿ ನೂತು, ಗೊಂಚಲು ಮಾಡಿ, ಬಿಜಲಿಯ ಮೊಂಡು ಬಾಲಕ್ಕೆ ಕಟ್ಟಿದಳು. ಸ್ಟ್ಯಾಂಡು ತಲುಪುವ ಮೊದಲೇ ಅದು ಉದುರಿತು. ಬಿಗಿಯಾಗಿ ಕಟ್ಟಿದರೆ ಬಿಜಲಿ ತೊಡೆಯನ್ನು ಗೋಡೆಗೆ ತಿಕ್ಕಿ ಕಿತ್ತುಹಾಕಿತು. ಮೂರನೆಯ ಬಾರಿ ಅವಳು ಕಟ್ಟುವುದನ್ನೇ ಬಿಟ್ಟಳು. ಉಳಿದಿದ್ದ ಕೂದಲನ್ನು ಎಳೆ ಎಳೆಯಾಗಿ ಬೇರೆ ಮಾಡಿ, ಒಂದೊಂದು ಎಳೆಗೂ ಒಂದೊಂದು ಹುರಿಯನ್ನು ಸೇರಿಸಿ ಹೆಣೆದಳು. ಹೆಂಗಸರು ಚೌರಿ ಹಾಕಿ ಜಡೆ ಹೆಣೆಯುವ ಹಾಗೆ. ಎಲ್ಲಿಯೂ ಗಂಟಿಲ್ಲ, ಎಲ್ಲಿಯೂ ಎಳೆತವಿಲ್ಲ. ಬಿಜಲಿ ಒಮ್ಮೆ ಬೀಸಿತು. ಕರಿ ಎಳೆಗಳು ಬಿಚ್ಚಿಕೊಂಡು ತೊಡೆಯ ಮೇಲೆಲ್ಲ ಹರಡಿದವು. ನೊಣ ಎದ್ದವು. ಮತ್ತೊಮ್ಮೆ ಬೀಸಿತು, ಈ ಸಲ ನಿಧಾನವಾಗಿ, ಹೊಸ ಬಾಲದ ಭಾರ ನೋಡುವಂತೆ.

"ಬಿಳಿ ಕುದುರಿಗೆ ಕರಿ ಬಾಲ! ಇದರವ್ವ ಕುದುರಿ, ಅಪ್ಪ ಟಗರು" ಎಂದ ಒಬ್ಬ ಹಮಾಲ. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು.

"ನಗ್ರಿ, ನಗ್ರಿ. ನೊಣ ನಿಮ್ಮ ಬಾಯಾಗ ಹೋದರ ಅದಕ ಬಾಲ ನಾ ಮಾಡಿಕೊಡೂದಿಲ್ಲ" ಎಂದಳು ರೇವವ್ವ.

ನಕ್ಕವರಿಗೆ ಕಾಣದ ಕೆಲಸ ದಿನವೂ ಇತ್ತು. ಉಣ್ಣೆಗೆ ಲದ್ದಿ ಬೇಗ ಹಿಡಿಯುತ್ತಿತ್ತು. ಸಂಜೆ ಹೆಣಿಗೆ ಬಿಚ್ಚಿ, ಹುರಿ ತೊಳೆದು ಒಣಹಾಕಿ, ಮೊಂಡು ಬಾಲಕ್ಕೆ ಎಣ್ಣೆ ತಿಕ್ಕಿ, ಬೆಳಿಗ್ಗೆ ಮತ್ತೆ ಹೆಣೆಯಬೇಕು. ಮಳೆಗಾಲದಲ್ಲಿ ಹುರಿ ಒಲೆಯ ಮೇಲೆ ಒಣಗುತ್ತಿದ್ದವು. "ಅನ್ನದಾಗ ಕುದುರಿ ವಾಸನಿ ಬರಾಕತ್ತೈತಿ" ಎನ್ನುತ್ತಲೇ ಚಂದಪ್ಪ ಹುರಿ ತಿರುವಿ ಹಾಕುತ್ತಿದ್ದ. ಒಂದು ದಿನವೂ ಅವಳು ತಪ್ಪಿಸಲಿಲ್ಲ.

ಪಂಚಮಿಯ ಮರುದಿನ ಮೀರಾಸಾಬ ಬಂದ. ಮಳೆ ನಿಂತು ಬಿಸಿಲು ಬಿದ್ದಿತ್ತು. ನೊಣಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬಿಜಲಿಯನ್ನು ಟಾಂಗಾಕ್ಕೆ ಹೂಡಿ ನಿಲ್ಲಿಸಿದ್ದರು. ಒಳಗೆ ನಾಲ್ಕು ಮಂದಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಮೀರಾಸಾಬ ಮರದ ಕೆಳಗೆ ಕೂತು ಒಂದು ಬೀಡಿ ಸೇದಿದ, ಇನ್ನೊಂದು ಸೇದಿದ. ಬಿಜಲಿಯ ಬಾಲ ಅತ್ತ ಬೀಸಿತು, ಇತ್ತ ಬೀಸಿತು. ಕಾಲು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಕೆಳದುಟಿ ಸಡಿಲವಾಯಿತು.

"ಮಲಗೇ ಬಿಟ್ಟಿತಲ್ಲೋ ಇದು!" ಎಂದ ಮೀರಾಸಾಬ.

ಇಬ್ರಾಹಿಂಸಾಬ ಲಗಾಮು ಎತ್ತಿಕೊಂಡ. "ಮೀರಾ, ದೂರದಿಂದ ಬಂದಿ. ನಮ್ಮ ಮನ್ಯಾಗ ಊಟ ಮಾಡಿ ಹೋಗು. ಕುದುರಿ ಕೊಡೂದಿಲ್ಲ."

ಮೀರಾಸಾಬ ಏಳುವಾಗ ರೇವವ್ವನ ಕಡೆ ತಿರುಗಿದ. "ಭಟ್ಟ್ಯಾಗ ನಮ್ಮವು ಅದಾವಲ್ಲ, ಅವುಗಳ ಬಾಲಾನೂ ಒನಕಿ ಆಗ್ಯಾವು ಯವ್ವಾ."

"ಕರಕೊಂಡ ಬರ್ರಿ. ಖರೇ ಹೇಳ್ತೇನಿ, ಬಿಡಸ್ತೇನಿ. ಕತ್ತರಸೂದಿಲ್ಲ."

ಆಮೇಲೆ ಬಿಜಲಿಯ ಕೂದಲು ತನ್ನ ಪಾಡಿಗೆ ಬೆಳೆಯಿತು. ಕೂದಲು ಇಳಿದಷ್ಟು ರೇವವ್ವ ಉಣ್ಣೆಯ ಹುರಿಯನ್ನು ಮೊಟಕು ಮಾಡುತ್ತ ಬಂದಳು. ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟಿದರೆ ಉದುರುತ್ತದೆಂದು ನಂಬಿದ ಮಂದಿ ಎಂದಿನಂತೆ ಬಂದು ಒಂದೇ ಒಂದು ಎಳೆ ಕೇಳುತ್ತಿದ್ದರು. ಅವಳು ಆಡಿನ ಕೂದಲು ಕೊಟ್ಟು ಕಳಿಸುತ್ತಿದ್ದಳು. ಅದರಿಂದಲೂ ಉದುರಿತೆಂದು ಕೆಲವರು ಬಂದು ಹೇಳಿದ್ದುಂಟು. ಮೂರನೆಯ ಕಾರ್ತಿಕಕ್ಕೆ ಕೊನೆಯ ಕರಿ ಹುರಿ ಬಿಚ್ಚಿದಾಗ ಬಿಳಿ ಬಾಲ ಮೊಣಕಾಲು ದಾಟಿ ಇಳಿದಿತ್ತು. ಆ ಹುರಿಗಳನ್ನು ಅಬಿದಾ ತೊಳೆದು ಡಬ್ಬಿಯಲ್ಲಿ ಎತ್ತಿಟ್ಟಳು.

ಇದು ಎಪ್ಪತ್ತೊಂಬತ್ತನೆಯ ಇಸವಿ. ಇಂಡಿಯಲ್ಲಿ ಟಾಂಗಾಗಳು ಕಡಿಮೆಯಾಗಿವೆ, ಬಸ್ಸು ಹೆಚ್ಚಾಗಿವೆ. ಬಿಜಲಿಯನ್ನು ಈಗ ಸಂತೆಯ ದಿನ ಮಾತ್ರ ಹೂಡುತ್ತಾರೆ. ರೇವವ್ವ ದಿನಾ ಬೆಳಿಗ್ಗೆ ಟಾಂಗಾ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಎಣ್ಣೆ ಬಟ್ಟಲು, ಮರದ ಬಾಚಣಿಗೆ ಇಟ್ಟುಕೊಂಡು ಕುದುರೆಗಳ ಬಾಲ ಬಿಡಿಸುತ್ತಾಳೆ. ಮೊದಲು ಬಿಜಲಿಯದು, ಆಮೇಲೆ ಉಳಿದವುಗಳದು.