ಅಂಬರಾಯನ ಜನರೇಟರ್

ಶಹಾಬಾದಿನಲ್ಲಿ ಅಂಬರಾಯನ ಹಾಗೆ ನೆಲಕ್ಕೆ ಹಾಸುವ ಫರ್ಸಿಕಲ್ಲಿಗೆ ಪಾಲಿಶ್ ಹಿಡಿಸುವವರು ಹಲವರಿದ್ದರು. ಅವನ ಹಾಗೆ ಮಾತಾಡುವವರು ಯಾರೂ ಇರಲಿಲ್ಲ. ಅದಕ್ಕೇ ಪಾಲಿಶ್ ಮಷೀನಿನವರೆಲ್ಲ ಯಾವ ಸಾಹೇಬರ ಹತ್ತಿರ ಹೋಗಬೇಕಾದರೂ ಅವನನ್ನೇ ಮುಂದೆ ನಿಲ್ಲಿಸುತ್ತಿದ್ದರು.

ಆಗ ಕರೆಂಟು ನಮ್ಮೂರಿಗೆ ಬೀಗರ ಹಾಗೆ ಬಂದು ಹೋಗುತ್ತಿತ್ತು. ಅರ್ಧ ಪಾಲಿಶಾದ ಕಲ್ಲು ಮಷೀನಿನಡಿಯೇ ಬಿದ್ದಿರುತ್ತಿತ್ತು. ಕರೆಂಟಿನ ಆಫೀಸಿಗೆ ಹೋಗಿ ಮಷೀನುಗಳಿಗೇ ಬೇರೆ ಲೈನು ಕೇಳೋಣವೆಂದು ಅಂಬರಾಯನ ಪಕ್ಕದ ಶೆಡ್ಡಿನ ಜಹಾಂಗೀರ ಎಲ್ಲರನ್ನೂ ಕಟ್ಟಿಕೊಂಡು ಅವನ ಹತ್ತಿರ ಬಂದ. ಅಷ್ಟರಲ್ಲಿ ಅಂಬರಾಯ ಹೊಸ ಜನರೇಟರ್ ತಂದು ಪೂಜೆ ಮಾಡಿಸಿದ್ದ.

“ಸರ್ಕಾರದ ಮುಂದ ಕೈ ಒಡ್ಡಾಕ ನಾ ಬರಂಗಿಲ್ಲ. ಮಾಲು ಚೊಲೋ ಇದ್ರ ಗಿರಾಕಿ ಹುಡಿಕ್ಕೊಂಡು ಬರ್ತಾನ.”

“ಗಿರಾಕಿ ಬರ್ತಾನ ಅಂಬರಾಯಣ್ಣಾ, ಕರೆಂಟ್ ಬರಬೇಕಲ್ಲ,” ಎಂದ ಜಹಾಂಗೀರ.

ಅಂಬರಾಯ ಉತ್ತರವಾಗಿ ಜನರೇಟರ್ ಚಾಲೂ ಮಾಡಿದ. ಆ ಸದ್ದಿನಲ್ಲಿ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಆ ಜನರೇಟರನ್ನು ಅವನಿಗೆ ಮಾರಿದ ನನಗೂ ಅವನ ವಿಚಾರ ಭಾಳ ಹಿಡಿಸಿತ್ತು. ಮಾತಾಡುವವನಿಲ್ಲದೆ ಉಳಿದವರು ಕಚೇರಿಗೆ ಹೋಗಲೇ ಇಲ್ಲ.

ಆಮೇಲೆ ಗುಜರಾತಿನ ಟೈಲ್ಸ್ ಬಂತು. ಚಿತ್ತಾಪುರದಲ್ಲಿ, ಸೇಡಂನಲ್ಲಿ ಹೊಸ ಮನೆಗಳಿಗೆಲ್ಲ ಅದೇ. ಡೀಸೆಲ್ ಸುಟ್ಟು ಪಾಲಿಶ್ ಹಿಡಿಸಿದ ಊರ ಕಲ್ಲೇ ಗಿರಾಕಿಗೆ ದುಬಾರಿ ಎನಿಸಿತು. ಒಂದೊಂದೇ ಶೆಡ್ಡಿಗೆ ಬೀಗ ಬಿತ್ತು.

ಒಂದು ದಿನ ಟೈಲ್ಸ್ ಲಾರಿಯ ಡ್ರೈವರನನ್ನು ಅಂಬರಾಯ ಚಹಾಕ್ಕೆ ಕೂಡಿಸಿಕೊಂಡು, ಅಷ್ಟು ದೂರದಿಂದ ಬಂದೂ ಇಷ್ಟು ಅಗ್ಗ ಹೇಗೆಂದು ವಿಚಾರಿಸಿದ. ತಮ್ಮ ಕಡೆ ಮಾಲಕರೆಲ್ಲ ಕೂಡಿ ಸರ್ಕಾರದ ಬೆನ್ನು ಹತ್ತಿ ರಸ್ತೆ, ಟೈಲ್ಸ್ ಸುಡುವ ಗ್ಯಾಸಿನ ಪೈಪು ಬಾಗಿಲ ತನಕ ತರಿಸಿಕೊಂಡರು, ಅವರವರಲ್ಲೇ ಪೈಪೋಟಿ ಶುರುವಾದದ್ದು ಆಮೇಲೆ ಎಂದ ಡ್ರೈವರ್. ಅಂಬರಾಯನ ಚಹಾ ಬಟ್ಟಲಲ್ಲೇ ಆರಿತು.

ಮರುದಿನ ಒಬ್ಬನೇ ಕರೆಂಟಿನ ಆಫೀಸಿಗೆ ಹೋದ. ಚಪ್ಪಲಿ ಹೊರಗೆ ಬಿಟ್ಟು ಟೈಲ್ಸಿನ ಮೇಲೆ ನಿಂತು ಬಲು ಚೆಂದ ಮಾತಾಡಿದನಂತೆ. ಸಾಹೇಬರು ಪೂರ್ತಿ ಕೇಳಿ, ಎಷ್ಟು ಮಷೀನು ನಡೆಯುತ್ತಿವೆ ಎಂದರು. ಒಂದೇ ಎಂದ. ಒಂದು ಮಷೀನಿಗೆ ಬೇರೆ ಲೈನು ಎಳೆಯಲು ಬರುವುದಿಲ್ಲ, ಎಲ್ಲರೂ ಕೂಡಿ ಬನ್ನಿ ಎಂದು ಕಳಿಸಿದರು.

ಸಂಜೆ ಜಹಾಂಗೀರನ ಮನೆಗೆ ಹೋದ. ಅವನು ಯಾವಾಗಲೋ ಮಷೀನು ಗುಜರಿಗೆ ಹಾಕಿದ್ದ; ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಲಾರಿಗೆ ಚೀಲ ಹೇರಿ ಆಗಷ್ಟೇ ಬಂದು ಮುಖ ತೊಳೆಯುತ್ತಿದ್ದ.

“ನಾಳಿಗೆ ನನ್ನ ಕೂಡ ಆಫೀಸಿಗೆ ಬರ್ತಿ ಏನು?”

“ಬರ್ತೀನಿ ಅಣ್ಣಾ. ಮಷೀನ್ ಇಲ್ಲದವ ಬಂದು ಏನಂತ ಕೇಳ್ಲಿ? ನೀನೇ ಹೇಳಿಕೊಡು.”

ಮರುವಾರ ಅಂಬರಾಯ ತನ್ನ ಶೆಡ್ಡಿಗೂ ಬೀಗ ಹಾಕಿದ.

ಈಗ ಜನರೇಟರನ್ನು ಮದುವೆ ಮನೆಗಳಿಗೆ ಬಾಡಿಗೆ ಕೊಡುತ್ತಾನೆ. ಚಾಲೂ ಮಾಡಿಕೊಟ್ಟು, ಸದ್ದು ಕೇಳಿಸದಷ್ಟು ದೂರ ಹೋಗಿ ಕೂಡುತ್ತಾನೆ.