ತಿಪ್ಪಯ್ಯನ ನಡೆಮಡಿ

ಹಿರಿಯೂರು ಸೀಮೆಯಲ್ಲಿ ದೇವರ ಪಲ್ಲಕ್ಕಿ ಹೊರಡಬೇಕಾದರೆ ಮಡಿವಾಳರ ತಿಪ್ಪಯ್ಯ ಬರಲೇಬೇಕು. ಹೊತ್ತವರ ಕಾಲು ಬರಿ ನೆಲಕ್ಕೆ ತಾಗದಂತೆ ಮಡಿಬಟ್ಟೆ ಹಾಸಬೇಕು, ಅವರು ದಾಟಿದೊಡನೆ ಎಳೆದುಕೊಂಡು ಮುಂದಕ್ಕೋಡಿ ಮತ್ತೆ ಹಾಸಬೇಕು. ಅದೇ ನಡೆಮಡಿ. ನಲವತ್ತು ವರ್ಷದಲ್ಲಿ ಒಂದು ಸಲವೂ ಪಲ್ಲಕ್ಕಿ ಅವನಿಗಾಗಿ ಕಾದು ನಿಂತಿದ್ದಿಲ್ಲ. ಆ ಬಟ್ಟೆಗಳನ್ನು ಕೆರೆಯಲ್ಲಿ ಒಗೆದುಕೊಡುತ್ತಿದ್ದವಳು ಹೆಂಡತಿ ಕೆಂಚಮ್ಮ. ಹಾಸುವುದಕ್ಕೆ ತಿಪ್ಪಯ್ಯ ಬೇಕು, ಗುಡಿಯ ಹೊಸಿಲು ದಾಟುವುದಕ್ಕೆ ಬೇಡ. ಯಾವ ದೇವರು ಬರೆದ ನ್ಯಾಯವೋ ಇದು!

ಈಗ ಮಡಿವಾಳರದೇ ಮಠ ಎದ್ದಿತ್ತು. ಸ್ವಂತ ಪೀಠ, ಸ್ವಂತ ಸ್ವಾಮೀಜಿ, ಮಾಚಿದೇವರ ಹೊಸ ಮೂರ್ತಿ! ಅದರ ಮೆರವಣಿಗೆಯ ಮೊದಲ ಹಾಸು ತಿಪ್ಪಯ್ಯನದೇ ಎಂದು ಮಠದ ಸಮಿತಿ ಹೇಳಿಕಳಿಸಿದ ದಿನದಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರ್ಯಾರ ದೇವರಿಗೋ ಹಾಸಿದ್ದಾಯಿತು, ಸಾಯುವುದರೊಳಗೆ ನಮ್ಮವನಿಗೊಂದು ಸಲ ಹಾಸಬೇಕು. ಅವನಿಗಿದ್ದದ್ದು ಅದೊಂದೇ ಆಸೆ.

ಆ ದಿನ ಡೊಳ್ಳಿನ ಸದ್ದಿಗೆ ಊರೇ ಅದುರುತ್ತಿತ್ತು. ಎಂಬತ್ತು ಹಳ್ಳಿಯ ಮಡಿವಾಳರು ಬಂದಿದ್ದರು, ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಮಡಿಬಟ್ಟೆ. ಮಂಗಳಾರತಿ ಆಯಿತು. ಪಲ್ಲಕ್ಕಿ ಮಾತ್ರ ಏಳಲಿಲ್ಲ.

"ಹೊರೋರೆಲ್ರಪ್ಪಾ?" ಎಂದ ತಿಪ್ಪಯ್ಯ.

ಸಮಿತಿಯ ಅಧ್ಯಕ್ಷ ರುದ್ರೇಶಿ ತಲೆ ಕೆರೆದುಕೊಂಡ. "ಅಯ್ಯಯ್ಯೋ, ಹೊರೋರ್ಗೆ ಹೇಳೇ ಇಲ್ಲ ಕಣಣ್ಣ! ಎಲ್ಲಾ ಕಡೆ ಅವ್ರೇ ಬಂದು ನಿಂತಿರ್ತಿದ್ರಲ್ಲ..."

ಹಾಸುವವರು ಮುನ್ನೂರು ಜನ, ಹೊರುವವನು ಒಬ್ಬನೂ ಇಲ್ಲ!

"ಲೇ ಹೈಕ್ಳಾ, ಹೆಗಲು ಕೊಡ್ರೋ" ಎಂದು ರುದ್ರೇಶಿ ಕೂಗಿದರೆ ಹುಡುಗರೆಲ್ಲ ಬಟ್ಟೆಯನ್ನು ಎದೆಗವಚಿಕೊಂಡರು.

"ನಾ ಹಾಸಾಕೆ ಬಂದೀನಿ."

"ನಾನೇನ್ ಹೊರಾಕೆ ಬಂದೀನಾ?"

ತಿಪ್ಪಯ್ಯ ತನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಅಂಚನ್ನೊಮ್ಮೆ ಸವರಿದ. ಆಮೇಲೆ ಅದನ್ನು ಪಕ್ಕದಲ್ಲಿದ್ದ ಕೆಂಚಮ್ಮನ ಕೈಗೆ ತುರುಕಿ, ಪಲ್ಲಕ್ಕಿಯ ಮುಂದಿನ ಕೊಂಬಿಗೆ ಹೆಗಲು ಕೊಟ್ಟ. "ಯಾರೂ ಬರ್ದಿದ್ರೆ ನಾನೊಬ್ನೇ ಎಳ್ಕೊಂಡ್ ಹೋಗ್ತೀನಿ ಕಣ್ರಲಾ!"

ನಾಚಿಕೆಗೆಟ್ಟು ಎಷ್ಟು ಹೊತ್ತು ನಿಂತಾರು? ಮೂವರು ಓಡಿಬಂದರು. ಎದ್ದಿತು ಪಲ್ಲಕ್ಕಿ! ಜೈಕಾರ ಮುಗಿಲು ಮುಟ್ಟಿತು.

ಕೆಂಚಮ್ಮ ಸೆರಗು ಬಿಗಿದು ಮುಂದಕ್ಕೋಡಿದಳು.

"ಹೆಂಗಸ್ರು ಹಾಸೋದುಂಟಾ?" ಎಂದು ಯಾರೋ ಗೊಣಗಿದರು.

"ಒಗೆಯಾಕೆ ನಾನು, ಹಾಸಾಕೆ ನಿಮ್ಮಪ್ಪ ಬರ್ಬೇಕಾ?" ಎನ್ನುತ್ತಲೇ ಬಟ್ಟೆ ಕೊಡವಿ ಹಾಸಿದಳು.

ಅಂಚಿಗೆ ಬಂದ ತಿಪ್ಪಯ್ಯನ ಕಾಲು ತಡೆಯಿತು. ನಲವತ್ತು ವರ್ಷ ಕೈಯಲ್ಲಿ ಹಿಡಿದದ್ದು, ಒಂದು ದಿನವೂ ತುಳಿದದ್ದಲ್ಲ. ಕಣ್ಣು ತುಂಬಿಬಂತು.

"ತುಳಿಯೋದೆಂಗಮ್ಮಿ? ಕೊಳೆಯಾಯ್ತದೆ."

"ಒಗೆಯೋಳು ನಾನೇ ಅಲ್ವಾ? ಇಡಯ್ಯ ಕಾಲ್ನ!"

ಇಟ್ಟ.